ಸಾಲ ತೀರಿಸಿ ಬಿಡಿಸಬೇಡಿ: ಜೀತದಿಂದ ಬಿಡುಗಡೆ ಪತ್ರ ಪಡೆಯುವ ಬಗೆ

ನಾನು ಪಾಂಡವಪುರದಲ್ಲಿ ಅರ್ಜಿ ಟೈಪ್ ಮಾಡಿಕೊಡುವವಳು. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ಹೊಲದ ದಾರಿ ಜಗಳ, ಇವೇ ನನ್ನ ದಿನದ ಅನ್ನ. ಜೀತದ ಅರ್ಜಿ ಅಪರೂಪ. ಬಂದರೂ ಯಾರ ಬಾಯಲ್ಲೂ ಜೀತ ಅನ್ನುವ ಮಾತು ಬರುವುದಿಲ್ಲ. "ನಮ್ಮ ಭಾವಮೈದ ಇಟ್ಟಿಗೆ ಗೂಡಲ್ಲಿ ಅಡ್ವಾನ್ಸ್ ತಗೊಂಡು ಸಿಗಾಕ್ಕೊಂಡವ್ನೆ ಕಣಕ್ಕ" ಅನ್ನುತ್ತಾರೆ. "ಶುಂಠಿ ಹೊಲಕ್ಕೆ ಹೋದವರನ್ನ ಬರೋಕೇ ಬಿಡ್ತಿಲ್ಲ" ಅನ್ನುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು: "ದುಡ್ಡು ಕೊಡಲ್ಲ ಅಂತಿಲ್ಲಕ್ಕ. ಒಂದಾರು ತಿಂಗಳು ಟೈಮ್ ಕೊಡ್ಸಿ ಅಂತ ಸಾಹೇಬ್ರಿಗೆ ಬರ್ಕೊಡಿ."

ಅದೊಂದನ್ನು ನಾನು ಬರೆದುಕೊಡುವುದಿಲ್ಲ. ಸಾಲ ತೀರಿಸುತ್ತೇನೆ ಎಂದು ಬರೆದು ಸಹಿ ಹಾಕಿದರೆ, ಮಾಲೀಕನ ಲೆಕ್ಕವನ್ನು ನೀವೇ ಒಪ್ಪಿದ ಹಾಗಾಯಿತು. ಕಾನೂನು ಹೇಳುವುದು ಬೇರೆಯೇ. ಜೀತದ ಸಾಲ ಸಾಲವೇ ಅಲ್ಲ. ಅದನ್ನು ವಸೂಲಿ ಮಾಡುವುದು ಹಾಗಿರಲಿ, ಜೀತದಾಳು ತಾನಾಗಿ ತಂದುಕೊಟ್ಟರೂ ತೆಗೆದುಕೊಳ್ಳುವುದು ಅಪರಾಧ. ಇದು ತಿಳಿಯದೆ ಹಸು ಮಾರಿ, ತಾಳಿ ಅಡವಿಟ್ಟು, ಬಡ್ಡಿಗೆ ತಂದು ಜನರನ್ನು ಬಿಡಿಸಿಕೊಂಡು ಬರುತ್ತಾರೆ. ಬಂದವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮುಂದಿನ ವರ್ಷ ಆ ಹೊಸ ಬಡ್ಡಿ ತೀರಿಸಲು ಇನ್ನೊಂದು ಗೂಡಿನಲ್ಲಿ ಅಡ್ವಾನ್ಸ್ ತಗೊಳ್ಳುತ್ತಾರೆ.

ನಿಮ್ಮ ಮನೆಯವರೋ, ಪಕ್ಕದ ಊರಿನವರೋ, ನಿಮ್ಮ ತೋಟದ ಆಚೆ ಕೆಲಸ ಮಾಡುವ ಹೊರಗಿನ ಜನವೋ ಹೀಗೆ ಸಿಕ್ಕಿಕೊಂಡಿದ್ದರೆ ಏನು ಮಾಡಬೇಕು, ಇವರು ಜೀತದಿಂದ ಬಿಡುಗಡೆಯಾದವರು ಎಂದು ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ ಪಡೆಯುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅದು ಜೀತವೇ ಎಂದು ತಿಳಿಯುವುದು

ಜೀತ ಅಂದರೆ ಸರಪಳಿ, ಕತ್ತಲೆ ಕೋಣೆ ಎಂದೇ ಜನ ನಂಬಿದ್ದಾರೆ. ಕಾನೂನಿಗೆ ಅದೆಲ್ಲ ಬೇಕಿಲ್ಲ. ಎರಡು ವಿಷಯ ನೋಡಿ. ಒಂದು, ಆ ಮನುಷ್ಯನನ್ನು ಕಟ್ಟಿಹಾಕಿರುವುದು ಏನು? ಹೆಚ್ಚಾಗಿ ಮುಂಗಡ. ಅಪ್ಪ ಮಾಡಿದ ಸಾಲ ಇರಬಹುದು. ಜಾತಿಯ ಕಾರಣಕ್ಕೆ ತಲೆತಲಾಂತರದಿಂದ ಮಾಡಿಕೊಂಡು ಬಂದ ಬಿಟ್ಟಿ ಚಾಕರಿಯೂ ಇರಬಹುದು. ಎರಡು, ಅದರಿಂದ ಅವನು ಕಳೆದುಕೊಂಡಿರುವುದು ಏನು? ಕೂಲಿಯೇ ಇಲ್ಲವೇ, ಅಥವಾ ಹೆಸರಿಗೆ ಮಾತ್ರ ಕೂಲಿಯೇ? ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲವೇ? ಊರಿಗೆ, ಸಂತೆಗೆ, ಆಸ್ಪತ್ರೆಗೆ ಹೋಗಲು ಅಪ್ಪಣೆ ಬೇಕೇ? ತನ್ನ ದುಡಿಮೆಯನ್ನೋ ಸಾಮಾನನ್ನೋ ಮಾರ್ಕೆಟ್ ದರಕ್ಕೆ ಮಾರುವ ಹಾಗಿಲ್ಲವೇ? ಮೊದಲನೆಯದರ ಜೊತೆ ಇವುಗಳಲ್ಲಿ ಯಾವುದಾದರೂ ಒಂದು ಸೇರಿದರೆ ಸಾಕು, ಜೀತ.

ನಾನು ಕೇಳುವ ಮೊದಲ ಪ್ರಶ್ನೆ ಹಬ್ಬದ್ದು. "ಯುಗಾದಿಗೆ ಊರಿಗೆ ಬಂದಿದ್ರಾ? ಗಂಡ ಹೆಂಡತಿ ಮಕ್ಕಳು ಎಲ್ಲಾ ಒಟ್ಟಿಗೆ ಬಂದ್ರಾ?" ಒಬ್ಬರನ್ನು ಅಲ್ಲೇ ಬಿಟ್ಟು ಬಂದಿದ್ದರೆ ಉಳಿದದ್ದು ಜಾಸ್ತಿ ಕೇಳಬೇಕಾಗುವುದಿಲ್ಲ. ಹಿಂದೆ ಬಿಟ್ಟು ಬಂದವರೇ ಅಡವು.

ಅಧಿಕಾರಿಗಳು ಒಮ್ಮೊಮ್ಮೆ "ಕೂಲಿ ಕಮ್ಮಿ ಅಷ್ಟೇ, ಲೇಬರ್ ಆಫೀಸಿಗೆ ಹೋಗಿ" ಎಂದು ಸಾಗಹಾಕುತ್ತಾರೆ. ಅಲ್ಲಿಗೂ ಹೋಗಬಹುದು, ಆದರೆ ಅರ್ಜಿ ವಾಪಸ್ ತಗೊಳ್ಳಬೇಡಿ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಟ್ಟಿದ ಕೂಲಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಹೇಳಿದೆ. ಹಸಿವೂ ಬಡತನವೂ ಬಲವಂತವೇ ಎಂದು ಆ ತೀರ್ಪಿನಲ್ಲಿದೆ. ಮರುವರ್ಷ ಫರೀದಾಬಾದಿನ ಕಲ್ಲುಕ್ವಾರಿ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಎಂದೇ ತಿಳಿಯಬೇಕು, ಇಲ್ಲ ಎಂದು ತೋರಿಸುವುದು ಮಾಲೀಕನ ಕೆಲಸ.

ಲೆಕ್ಕದ ಪುಸ್ತಕದ ಸುದ್ದಿಗೆ ಹೋಗಬೇಡಿ

ಗೂಡಿನಿಂದ ಬಂದ ಒಬ್ಬ ಹೆಂಗಸು ಮಡಚಿದ ಉದ್ದನೆಯ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಮೇಸ್ತ್ರಿ ಬರೆದ ಲೆಕ್ಕ. ಮೇಲೆ "ಮುಂಗಡ 40,000". ಕೆಳಗೆ ಪ್ರತಿ ಭಾನುವಾರ "ಬಟವಾಡೆ 600". ನಡುವೆ "ಆಸ್ಪತ್ರೆ 1,800", "ಹಬ್ಬ 1,000", "ಮಳೆಗೆ ಕರಗಿದ್ದು 3,200 ಇಟ್ಟಿಗೆ, ಕಳೆದಿದೆ". ಹಸಿ ಇಟ್ಟಿಗೆ ಮಳೆಗೆ ಕರಗಿದರೆ ನಷ್ಟ ಅಚ್ಚು ಹಾಕಿದವಳದು, ಬಿಸಿಲಿಗೆ ಒಣಗಿದರೆ ಲಾಭ ಗೂಡಿನವನದು! ಸೀಸನ್ ಮುಗಿದಾಗ ಬಾಕಿ 47,500. ಗಂಡ ಹೆಂಡತಿ ಇಬ್ಬರೂ ಕತ್ತಲಿಂದ ಕತ್ತಲವರೆಗೆ ದುಡಿದ ಮೇಲೆ ಸಾಲ ಏರಿದೆ. ಆ ಹೆಂಗಸಿನ ಅಣ್ಣ ಮಾತ್ರ ಬೆರಳಿಟ್ಟು ವಾದ ಮಾಡುತ್ತಿದ್ದರು: "ಈ 1,800 ಸುಳ್ಳು ಮೇಡಂ, ಆಸ್ಪತ್ರೇಲಿ 900 ಆಗಿದ್ದು." ಈ ಜಗಳಕ್ಕೆ ಇಳಿದರೆ ಮುಗಿಯಿತು. 900 ಎಂದು ಗೆದ್ದರೂ ಉಳಿದ 46,600 ಒಪ್ಪಿಕೊಂಡಂತೆ. ಆ ನೋಟ್‌ಬುಕ್ ಸಾಲದ ಲೆಕ್ಕ ಅಲ್ಲ, ಜೀತಕ್ಕೆ ಸಾಕ್ಷಿ. ಫೋಟೊ ತೆಗೆಸಿ ಅರ್ಜಿಗೆ ಲಗತ್ತಿಸಿದೆವು.

ಬಿಡುಗಡೆಗೆ ಬೆಲೆ ಕಟ್ಟುವ ಚಾಳಿ ನಮ್ಮ ಸೀಮೆಯದೇ ಅಲ್ಲ. ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಮಾಡಿದ ನನ್ನ ಮಗಳು ಇದನ್ನು ಹೇಳಿದಾಗ ನನಗೆ ಅರ್ಜಿ ಬರೆಯುವ ಬಗೆಯೇ ಬೇರೆಯಾಗಿ ಕಂಡಿತು. ಇಂಗ್ಲಿಷಿನವರು ಇದಕ್ಕೆಲ್ಲ ಹೇಳುವ ಎಮ್ಯಾನ್ಸಿಪೇಷನ್ ಎಂಬ ಪದ ಹಳೆಯ ರೋಮಿನ ಕಾನೂನಿನದಂತೆ. ಅಪ್ಪ ತನ್ನ ಮಗನನ್ನು ತನ್ನ ಹಿಡಿತದಿಂದ ಬಿಡುವುದಕ್ಕೆ ಆ ಹೆಸರು. ಬಿಡಬೇಕಾದರೆ ಮಗನನ್ನು ಮೂರು ಸಲ ಮಾರಿದ ಹಾಗೆ ಶಾಸ್ತ್ರ ಮಾಡಬೇಕಿತ್ತು. ಆಮೇಲೆ ಅದೇ ಪದವನ್ನು 1791ರಲ್ಲಿ ಫ್ರಾನ್ಸಿನ ಯಹೂದಿಗಳಿಗೆ, 1829ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕರಿಗೆ ಸಿಕ್ಕ ಸಮಾನ ಹಕ್ಕಿಗೂ ಬಳಸಿದರು. ಗುಲಾಮರ ಬಿಡುಗಡೆಗಂತೂ ಅದೇ ಹೆಸರು ನಿಂತುಬಿಟ್ಟಿತು.

ಆದರೆ ದುಡ್ಡು ಯಾರ ಕೈಗೆ ಹೋಯಿತು ನೋಡಿ. ಇಂಗ್ಲೆಂಡು 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟಿದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ! ಬಿಡುಗಡೆಯಾದವರು ಅಪ್ರೆಂಟಿಸ್ ಎಂಬ ಹೆಸರಿನಲ್ಲಿ 1838ರವರೆಗೂ ಅದೇ ಒಡೆಯರಿಗೆ ಬಿಟ್ಟಿ ದುಡಿದರು. ಪರಿಹಾರಕ್ಕೆಂದು ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಹೈಟಿಯ ಜನ ಹೋರಾಡಿ ಸ್ವತಂತ್ರರಾಗಿದ್ದರೂ, ಒಡೆತನ ಕಳೆದುಕೊಂಡ ಫ್ರೆಂಚರಿಗೆ ತುಂಬಿಕೊಡಿ ಎಂದು ಫ್ರಾನ್ಸು 1825ರಲ್ಲಿ 15 ಕೋಟಿ ಫ್ರಾಂಕ್ ಕೇಳಿತು. ರಷ್ಯಾದಲ್ಲಿ 1861ರಲ್ಲಿ ಜಮೀನ್ದಾರರ ಜೀತದಿಂದ ಬಿಡುಗಡೆಯಾದ ರೈತರಿಗೆ, ತಾವು ಉಳುತ್ತಿದ್ದ ನೆಲಕ್ಕೇ 49 ವರ್ಷದ ಕಂತು ಹಾಕಿದರು. ಜನ ದಂಗೆಯೆದ್ದ ಮೇಲೆ, 1907ರಿಂದ ಆ ಕಂತು ರದ್ದಾಯಿತು. ಅಮೆರಿಕದಲ್ಲೂ ಲಿಂಕನ್ 1862ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದ ಗುಲಾಮರನ್ನು ಬಿಡಿಸಿದಾಗ ಒಡೆಯರಿಗೆ ತಲೆಗೆ 300 ಡಾಲರ್‌ವರೆಗೆ ಕೊಟ್ಟರು. 1863ರ ಜನವರಿ 1ರ ಘೋಷಣೆಯಲ್ಲಿ ಆ ಮಾತಿಲ್ಲ, ಆದರೆ ಅದು ಅನ್ವಯವಾದದ್ದು ಬಂಡೆದ್ದ ರಾಜ್ಯಗಳಿಗೆ ಮಾತ್ರ. ದೇಶಕ್ಕೆಲ್ಲ ರದ್ದಾದದ್ದು 1865ರ ಡಿಸೆಂಬರಿನಲ್ಲಿ. 1868ರ ಸಂವಿಧಾನ ತಿದ್ದುಪಡಿಯಲ್ಲಿ ಕೊನೆಗೂ ಬರೆದರು: ಗುಲಾಮರು ಕೈಬಿಟ್ಟು ಹೋದದ್ದಕ್ಕೆ ಯಾರೂ ಪರಿಹಾರ ಕೇಳುವ ಹಾಗಿಲ್ಲ, ಕೇಳಿದರೆ ಅದು ಅಸಿಂಧು.

ನಮ್ಮ ಜೀತ ಪದ್ಧತಿ ರದ್ದತಿ ಕಾಯ್ದೆ ಈ ವಿಷಯದಲ್ಲಿ ಇವರೆಲ್ಲರಿಗಿಂತ ಖಡಕ್ಕಾಗಿದೆ. ಸಂಸತ್ತಿನಲ್ಲಿ ಪಾಸಾದದ್ದು 1976ರಲ್ಲಿ, ಜಾರಿ ಎಂದು ಲೆಕ್ಕ ಹಿಡಿದದ್ದು 1975ರ ಅಕ್ಟೋಬರ್ 25ರಿಂದ. ತುರ್ತುಪರಿಸ್ಥಿತಿಯ ಕಾಲ. ಇಂದಿರಾ ಗಾಂಧಿಯವರ 20 ಅಂಶದ ಕಾರ್ಯಕ್ರಮದಲ್ಲಿ ಜೀತ ರದ್ದತಿ ಇತ್ತು. ಊರಿಗೆಲ್ಲ ಬೀಗ ಬಿದ್ದ ಹೊತ್ತಿನಲ್ಲಿ ಜೀತದವರಿಗೆ ಬಾಗಿಲು ತೆಗೆದದ್ದು ಒಂಥರಾ ವಿಚಿತ್ರವೇ. ಇಲ್ಲಿ ಆಗ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ. ಉಳುವವನಿಗೆ ಭೂಮಿ ಕೊಟ್ಟ 1974ರ ತಿದ್ದುಪಡಿಯ ಬಿಸಿ ಇನ್ನೂ ಆರಿರಲಿಲ್ಲ.

ಕಾಯ್ದೆಯ ಈ ಕಲಮುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 4ನೇ ಕಲಮು: ಕಾಯ್ದೆ ಜಾರಿಯಾದ ದಿನದಿಂದಲೇ ಎಲ್ಲ ಜೀತದಾಳುಗಳೂ ಬಿಡುಗಡೆ. 6: ಜೀತದ ಸಾಲವೆಲ್ಲ ವಜಾ, ಅದಕ್ಕೆ ಯಾವ ಕೋರ್ಟಿನಲ್ಲೂ ದಾವೆ ಹೂಡುವ ಹಾಗಿಲ್ಲ. 7: ಅದಕ್ಕಾಗಿ ಅಡವಿಟ್ಟ ಆಸ್ತಿ ವಾಪಸ್. 8: ಮಾಲೀಕ ಕೊಟ್ಟ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರೆ ಅಲ್ಲಿಂದ ಒಕ್ಕಲೆಬ್ಬಿಸುವ ಹಾಗಿಲ್ಲ. 9: ವಜಾ ಆದ ಸಾಲಕ್ಕೆ ದುಡ್ಡು ತೆಗೆದುಕೊಂಡರೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. 15: ಇದು ಜೀತದ ಸಾಲ ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. 16: ಜೀತ ಮಾಡಿಸಿದವನಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಈ 2,000 ಅಂದಿನ ಬೆಲೆಯಲ್ಲಿ ದೊಡ್ಡದೇ. ಇಂದು ಇಟ್ಟಿಗೆ ಲಾರಿಯ ಒಂದು ದಿನದ ಡೀಸೆಲ್ಲಿಗೂ ಸಾಲದು.

ಮೊದಲು ಮಾಡಬೇಕಾದದ್ದು, ಮಾಡಬಾರದ್ದು

ನಾಲ್ಕು ಜನ ಸೇರಿ ಮಾಲೀಕನ ಹತ್ತಿರ ಮಾತಾಡಲು ಹೋಗಬೇಡಿ. ಸಂಜೆ ನೀವು ಹೋದರೆ ರಾತ್ರಿಯೇ ಟ್ರ್ಯಾಕ್ಟರಿನಲ್ಲಿ ಆ ಸಂಸಾರವನ್ನು ಬೇರೆ ಗೂಡಿಗೆ ಸಾಗಿಸುತ್ತಾರೆ. ಬೆಳಿಗ್ಗೆ ತಹಸೀಲ್ದಾರರು ಬಂದಾಗ ಶೆಡ್ಡು ಖಾಲಿ.

ಒಳಗಿರುವವರ ಜೊತೆ ಫೋನಿನಲ್ಲಿ ಮಾತಾಡುವಾಗ ಅರ್ಜಿ, ಕಂಪ್ಲೇಂಟು ಎಂದೆಲ್ಲ ಹೇಳಬೇಡಿ. ಫೋನು ಮೇಸ್ತ್ರಿಯದೇ ಇರುತ್ತದೆ. ಊಟ ಆಯ್ತಾ, ಮಗು ಹೇಗಿದೆ ಎಂದು ಕೇಳಿ. ಎಷ್ಟು ಜನ ಇದ್ದೀರಿ ಎಂಬುದನ್ನು ಮಾತಿನ ನಡುವೆ ತಿಳಿದುಕೊಳ್ಳಿ.

ಹೊಡೆದಿದ್ದರೆ, ಕೂಡಿಹಾಕಿದ್ದರೆ, ಹುಷಾರಿಲ್ಲದೆ ಯಾರಾದರೂ ಮಲಗಿದ್ದರೆ ಅರ್ಜಿ ಕಾಯಿಸುವಂಥದ್ದಲ್ಲ. 112ಕ್ಕೆ ಫೋನ್ ಮಾಡಿ. ಮಕ್ಕಳು ದುಡಿಯುತ್ತಿದ್ದರೆ 1098. ಆದರೆ ಠಾಣೆಯಲ್ಲಿ ಒಂದು ಅಪಾಯ ಉಂಟು, ರಾಜಿ. ಎರಡೂ ಕಡೆಯವರನ್ನು ಕೂರಿಸಿ, "ಆಗಿದ್ದಾಯ್ತು, ನೀನು ಸಾಲ ಕೇಳ್ಬೇಡ, ನೀನು ಕಂಪ್ಲೇಂಟ್ ಕೊಡ್ಬೇಡ" ಎಂದು ಬಸ್ಸು ಹತ್ತಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿಗೆ ಬಿಡುಗಡೆ ಪತ್ರವೂ ಇಲ್ಲ, ಪರಿಹಾರವೂ ಇಲ್ಲ, ಕೇಸೂ ಇಲ್ಲ. ಹಾಗೆ ಮನೆ ಸೇರಿದವರೂ, ರಾತ್ರೋರಾತ್ರಿ ಓಡಿಬಂದವರೂ ಆಮೇಲೆ ಅರ್ಜಿ ಕೊಡಬಹುದು. ತಡ ಆದಷ್ಟೂ ಸಾಕ್ಷಿ ಸವೆಯುತ್ತದೆ ಅಷ್ಟೇ.

ಸಾಕ್ಷಿ ಎಂದರೆ ಬಾಂಡ್ ಪೇಪರ್ ಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ಸಾಬೀತು ಮಾಡುವ ಹೊಣೆ ಅವನದು. ಆದರೂ ಸಿಕ್ಕಿದ್ದನ್ನು ಕೂಡಿಹಾಕಿ. ಈಗ ಮುಂಗಡ ಹೆಚ್ಚಾಗಿ ಫೋನ್‌ಪೇಯಲ್ಲಿ ಬರುತ್ತದೆ. ಆ ಸ್ಕ್ರೀನ್‌ಶಾಟ್ ಬಂಗಾರ. ತಾರೀಕು, ಮೊತ್ತ, ಕಳಿಸಿದವನ ಹೆಸರು ಮೂರೂ ಅದರಲ್ಲೇ ಇದೆ. ಕರೆದುಕೊಂಡು ಹೋದ ಗಾಡಿಯ ನಂಬರು, ಮೇಸ್ತ್ರಿಯ ಹೆಸರು ಬರೆದುಕೊಳ್ಳಿ. ಗೂಡಿನ ಹೆಸರು ಗೊತ್ತಿಲ್ಲದಿದ್ದರೆ ಒಂದು ಇಟ್ಟಿಗೆ ನೋಡಿ. ಮಧ್ಯದ ಗುಳಿಯಲ್ಲಿ ಎರಡು ಮೂರು ಅಕ್ಷರ ಅಚ್ಚಾಗಿರುತ್ತದೆ. ಅದು ಗೂಡಿನ ಗುರುತು. ಅದರ ಫೋಟೊ ಇದ್ದರೆ ಜಾಗ ಹುಡುಕುವುದು ಸುಲಭ. ಆಲೆಮನೆ, ತೋಟ, ಶುಂಠಿ ಹೊಲವಾದರೆ ಹತ್ತಿರದ ನಾಲೆ, ದೇವಸ್ಥಾನ, ಬಸ್ ಸ್ಟಾಪು ಬರೆಯಿರಿ. ಆಧಾರ್, ರೇಷನ್ ಕಾರ್ಡು ಮಾಲೀಕ ಇಟ್ಟುಕೊಂಡಿದ್ದರೆ ಅದನ್ನು ಮರೆಯದೆ ಸೇರಿಸಿ. ಕಾರ್ಡು ಹಿಡಿದಿಟ್ಟುಕೊಂಡವನು "ಅವರಾಗೇ ಇದ್ದರು" ಎಂದು ಹೇಳುವುದು ಕಷ್ಟ.

ಅರ್ಜಿ ಯಾರಿಗೆ, ಹೇಗೆ

ಜಿಲ್ಲಾಧಿಕಾರಿಗೆ ಕೊಡಬಹುದು, ಎಸಿ ಅಂದರೆ ಉಪವಿಭಾಗಾಧಿಕಾರಿಗೂ ಕೊಡಬಹುದು. ನಾನು ಎಸಿಗೆ ಬರೆದು ಜಿಲ್ಲಾಧಿಕಾರಿಗೆ ಪ್ರತಿ ಹಾಕಿಸುತ್ತೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಮಂಡ್ಯ ಎಸಿಗೆ ಸೇರುತ್ತವೆ. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಪಾಂಡವಪುರ ಎಸಿಗೆ. ಮೈಸೂರು ಜಿಲ್ಲೆಯಲ್ಲಿ ಮೈಸೂರು, ಹುಣಸೂರು ಎರಡು ಉಪವಿಭಾಗ. ನೆನಪಿಡಿ, ಲೆಕ್ಕಕ್ಕೆ ಬರುವುದು ದುಡಿಯುತ್ತಿರುವ ಜಾಗ, ಸ್ವಂತ ಊರಲ್ಲ. ಪಿರಿಯಾಪಟ್ಟಣದ ಹಾಡಿಯ ಆದಿವಾಸಿಗಳು ಕೊಡಗಿನ ತೋಟದಲ್ಲಿ ಸಿಕ್ಕಿಕೊಂಡಿದ್ದರೆ ಅರ್ಜಿ ಹೋಗಬೇಕಾದ್ದು ಮಡಿಕೇರಿಗೆ. ಪ್ರತಿ ಮೈಸೂರಿಗೆ.

ಇನ್ನೊಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಬಿಟ್ಟಿ ಚಾಕರಿಗೆ ಸಿಕ್ಕಿದವರಿಗೆ ಅಲ್ಲಿ ವಕೀಲರು ಪುಕ್ಕಟೆ. ಫೋನ್ ನಂಬರು 15100. ಅಲ್ಲಿಂದ ಒಂದು ಪತ್ರ ಹೋದರೆ ಎಸಿ ಕಚೇರಿಯ ಫೈಲು ಬೇಗ ಕದಲುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಜಿಲ್ಲೆಗೆ, ಉಪವಿಭಾಗಕ್ಕೆ ಒಂದೊಂದು ಜೀತ ಜಾಗೃತಿ ಸಮಿತಿ ಇರಬೇಕು ಎಂದು 13ನೇ ಕಲಮು ಹೇಳುತ್ತದೆ. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಇಬ್ಬರು ಸಮಾಜಸೇವಕರು ಇರಬೇಕು. ಸದಸ್ಯರು ಯಾರು ಎಂದು ಕಚೇರಿಯಲ್ಲಿ ಕೇಳಿ. ಒಬ್ಬರು ಸಿಕ್ಕರೂ ಅನುಕೂಲ.

ಈಗ ಬರವಣಿಗೆ. ಬಿಳಿ ಹಾಳೆ ಸಾಕು, ಸ್ಟಾಂಪು ಬೇಡ. ಕೈಬರಹವೂ ನಡೆಯುತ್ತದೆ. ನನ್ನಂಥವರ ಹತ್ತಿರ ಟೈಪ್ ಮಾಡಿಸಲೇಬೇಕು ಎಂದೇನಿಲ್ಲ. ಆದರೆ ನಮ್ಮವರಿಗೆ ಅರ್ಜಿ ಎಂದ ಕೂಡಲೇ "ದಯಮಾಡಿ ಬಡವನಾದ ನನ್ನನ್ನು ಬಿಡುಗಡೆ ಮಾಡಿಸಿ ಕಾಪಾಡಬೇಕಾಗಿ ಪಾದ ಹಿಡಿದು ಬೇಡುತ್ತೇನೆ" ಎಂದು ಬರೆದು ಅಭ್ಯಾಸ. ಅದನ್ನು ಬಿಡಿ. ಬಿಡುಗಡೆ ಮಾಲೀಕನೋ ಸಾಹೇಬರೋ ಮನಸ್ಸು ಮಾಡಿ ಕೊಡುವುದಲ್ಲ, 1975ರಲ್ಲೇ ಆಗಿಹೋಗಿದೆ. ಅವರು ಮಾಡಬೇಕಾದ್ದು ಗುರುತಿಸುವುದು, ಪತ್ರ ಕೊಡುವುದು. ನಾನು ಬರೆಯುವುದು ಹೆಚ್ಚುಕಮ್ಮಿ ಹೀಗಿರುತ್ತದೆ:

"ನಾನು, ನನ್ನ ಹೆಂಡತಿ, ನಮ್ಮ 15 ವರ್ಷದ ಮಗ, ಮೂವರೂ ಇಂಥ ಗ್ರಾಮದ ಇಂಥವರ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದೇವೆ. ಕಳೆದ ದೀಪಾವಳಿಯ ನಂತರ ಇಂಥ ಮೇಸ್ತ್ರಿಯ ಮೂಲಕ 40,000 ರೂಪಾಯಿ ಮುಂಗಡ ಕೊಟ್ಟು ನಮ್ಮನ್ನು ಕರೆತಂದರು. ಬೆಳಗಿನ ಜಾವ 4ಕ್ಕೆ ಎದ್ದು ಸಂಜೆ 7ರವರೆಗೆ ದುಡಿಯುತ್ತೇವೆ. ಮೂವರಿಗೂ ಸೇರಿ ವಾರಕ್ಕೆ 600 ರೂಪಾಯಿ ಕೊಡುತ್ತಾರೆ. ಮುಂಗಡ ತೀರುವವರೆಗೆ ಬೇರೆ ಕಡೆ ಹೋಗಬಾರದು ಎಂದು ತಡೆದಿದ್ದಾರೆ. ನಮ್ಮ ಆಧಾರ್ ಕಾರ್ಡು ಅವರ ಬಳಿ ಇವೆ. ಆದ್ದರಿಂದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಸ್ಥಳ ತನಿಖೆ ಮಾಡಿ, ನಮ್ಮನ್ನು ಜೀತದಾಳುಗಳೆಂದು ಗುರುತಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಬಿಡುಗಡೆ ಪತ್ರ ಕೊಡಬೇಕು. ತಕ್ಷಣದ ನೆರವು, ಪುನರ್ವಸತಿ, ಬಾಕಿ ಕೂಲಿ ಕೊಡಿಸಬೇಕು. ಮಾಲೀಕರ ಮೇಲೆ ಪ್ರಕರಣ ದಾಖಲಿಸಬೇಕು."

ಇಷ್ಟೇ. ಒಂದೂವರೆ ಪುಟಕ್ಕಿಂತ ಜಾಸ್ತಿ ಮಾಡಬೇಡಿ. ಮಾಲೀಕ ಎಂಥ ಕೆಟ್ಟವನು ಎಂಬ ವರ್ಣನೆ ಬೇಡ. ಹೆಂಡತಿ ಮಕ್ಕಳ ಹೆಸರು ಬಿಡಬೇಡಿ. ಗಂಡನ ಹೆಸರಿನಲ್ಲಿ ಒಂದೇ ಅರ್ಜಿ, "ಕುಟುಂಬ ಸಮೇತ" ಎಂದು ಬರೆದುಬಿಟ್ಟರೆ ಪತ್ರವೂ ಒಂದೇ ಬರುತ್ತದೆ, ಪರಿಹಾರವೂ ಒಂದೇ. ದುಡಿದ ಹೆಂಗಸು ಲೆಕ್ಕದಿಂದ ಹಾರಿಹೋಗುತ್ತಾಳೆ.

ದುಡಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮಾಲೀಕ ಅಲ್ಲ ಎಂದಾದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಿ. ಬಿಟ್ಟಿ ಅಥವಾ ಜೀತ ಮಾಡಿಸುವುದು ಅದರ ಪ್ರಕಾರ ಬೇರೆಯೇ ಅಪರಾಧ, 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ.

ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. "ಸಾಹೇಬ್ರು ಮೀಟಿಂಗಲ್ಲವ್ರೆ, ಇಟ್ಟು ಹೋಗಿ" ಎಂದರೆ ಕಾಯಿರಿ. ಆಗಲೇ ಇಲ್ಲ ಎಂದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ.

ತನಿಖೆಯ ದಿನ

ತಹಸೀಲ್ದಾರರೋ ಎಸಿಯೋ ಪೊಲೀಸರ ಜೊತೆ ಸ್ಥಳಕ್ಕೆ ಬರುತ್ತಾರೆ. ಹೇಳಿಕೆಯನ್ನು ಮಾಲೀಕನ ಎದುರಿಗೆ ತೆಗೆದುಕೊಳ್ಳಬಾರದು. ಗೂಡಿನ ಆಫೀಸಿನಲ್ಲೇ ಕೂರಿಸಿದರೆ "ಸರ್, ತಾಲ್ಲೂಕು ಕಚೇರಿಗೆ ಬಂದು ಹೇಳ್ತೀವಿ" ಎಂದು ಕೇಳಿಕೊಳ್ಳಿ. ಒಡಿಶಾ, ಬಿಹಾರದ ಜನವಾದರೆ ಅವರ ಭಾಷೆ ಬಲ್ಲವರು ಬೇಕು. ಮೇಸ್ತ್ರಿಯನ್ನೇ ದುಭಾಷಿ ಮಾಡಿಕೊಂಡರೆ ಅದು ಹೇಳಿಕೆಯಲ್ಲ, ನಾಟಕ.

"ದುಡ್ಡು ತಗೊಂಡಿದ್ದು ನಿಜ ತಾನೇ?" ಎಂದು ಕೇಳಿಯೇ ಕೇಳುತ್ತಾರೆ. ಜನ ಹೆದರಿ ಇಲ್ಲ ಎಂದುಬಿಡುತ್ತಾರೆ. ಹೌದು ಎನ್ನಿ. ತಗೊಂಡಿದ್ದರಿಂದಲೇ ಅಲ್ವಾ ಅದು ಜೀತ? "ತಗೊಂಡೆ. ಆವತ್ತಿಂದ ಬೇರೆ ಕಡೆ ಹೋಗೋಕೆ ಬಿಟ್ಟಿಲ್ಲ" ಎಂದು ಒಂದೇ ಉಸಿರಿಗೆ ಹೇಳುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಮಾಲೀಕ "ಮನೆ ಮಕ್ಕಳ ಥರ ನೋಡ್ಕೊಂಡಿದೀನಿ ಸರ್" ಅನ್ನುತ್ತಾನೆ. ಮನೆ ಮಕ್ಕಳ ಬಟವಾಡೆ ಪುಸ್ತಕ ಯಾರೂ ಇಡುವುದಿಲ್ಲ.

ಹೇಳಿಕೆ ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು. "ಸ್ವಇಚ್ಛೆಯಿಂದ ಕೆಲಸ ಮಾಡುತ್ತಿದ್ದು" ಎಂಬ ಒಂದು ಸಾಲು ಎಲ್ಲಿಂದಲೋ ನುಸುಳಿರುತ್ತದೆ, ಅದನ್ನು ಹುಡುಕಿ ಹೊಡೆದುಹಾಕಿಸಿ.

ಪತ್ರ ಕೈಗೆ ಬಂದ ಮೇಲೆ

ಬಿಡುಗಡೆ ಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯೇ ನೋಡಿ. ಬ್ಯಾಂಕಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೂ ದುಡ್ಡು ನಿಲ್ಲುತ್ತದೆ. ನಂಬರು, ತಾರೀಕು, ಸೀಲು ನೋಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಕವರಿನಲ್ಲಿಡಿ. ಒಂದು ಪ್ರತಿ ನಂಬುವ ನೆಂಟರ ಮನೆಯಲ್ಲಿರಲಿ.

ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ ಒಬ್ಬೊಬ್ಬರಿಗೆ 30,000 ರೂಪಾಯಿವರೆಗೆ ಸಿಗುತ್ತದೆ. ಮೊದಲು 20,000 ಇತ್ತು, 2022ರಿಂದ ಏರಿಸಿದ್ದಾರೆ. ಇದಕ್ಕೆ ಕೇಸು ಮುಗಿಯುವುದನ್ನು ಕಾಯಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಇದಕ್ಕೆಂದೇ 10 ಲಕ್ಷದ ನಿಧಿ ಇರಬೇಕು ಎಂದು ಯೋಜನೆಯಲ್ಲಿದೆ. "ಫಂಡ್ ಬಂದಿಲ್ಲ" ಎಂದರೆ ಆ ನಿಧಿಯ ಹೆಸರು ಹೇಳಿ. ಆಮೇಲಿನ ದೊಡ್ಡ ಮೊತ್ತ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಸಾಗಣೆ, ಲೈಂಗಿಕ ಶೋಷಣೆಯಂಥ ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ. ಹೆಂಡತಿಗೆ ಬೇರೆ ಪತ್ರ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಇನ್ನು ಜಾಗ, ಮನೆ, ರೇಷನ್ನು, ಮಕ್ಕಳ ಶಾಲೆ ಇವೂ ಪುನರ್ವಸತಿಯಲ್ಲೇ ಬರುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಅರ್ಜಿ, ಪ್ರತಿಯೊಂದಕ್ಕೂ ಬಿಡುಗಡೆ ಪತ್ರದ ಜೆರಾಕ್ಸು.

ಬ್ಯಾಂಕ್ ಖಾತೆ ಅವರವರ ಹೆಸರಿನಲ್ಲೇ ಇರಲಿ. ಮೇಸ್ತ್ರಿ ಮಾಡಿಸಿಕೊಟ್ಟ ಹಳೆಯ ಖಾತೆ, ಎಟಿಎಂ ಕಾರ್ಡು ಅವನ ಜೇಬಿನಲ್ಲೇ ಇರುವಂಥದ್ದು ಬೇಡ.

ಸ್ವಲ್ಪ ದಿನ ಕಳೆದ ಮೇಲೆ ಯಾರಾದರೂ ಬಂದೇ ಬರುತ್ತಾರೆ. ಮಾಲೀಕ ಅಲ್ಲ, ಊರಿನ ಹಿರಿಯರೊಬ್ಬರು. "ಬಡ್ಡಿ ಬೇಡ, ಅಸಲಾದ್ರೂ ಕೊಟ್ಬಿಡು ಮಗ, ಋಣ ಇಟ್ಕೋಬಾರ್ದು" ಎಂದು ಮೆತ್ತಗೆ ಹೇಳುತ್ತಾರೆ. ನಮ್ಮ ಜನಕ್ಕೆ ಋಣ ಎಂಬ ಮಾತು ನೇರ ಎದೆಗೆ ತಾಗುತ್ತದೆ. ಎಷ್ಟೋ ಜನ ಸರ್ಕಾರ ಕೊಟ್ಟ 30,000ವನ್ನು ಅಲ್ಲಿಗೇ ಒಯ್ದು ಕೊಟ್ಟಿದ್ದಾರೆ. ಕೊಡಬೇಡಿ. 9ನೇ ಕಲಮಿನ ಚೀಟಿ ತೋರಿಸಿ. ಕೊಟ್ಟಾಗಿದ್ದರೆ ಅದನ್ನು ವಾಪಸ್ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ, ಕೇಸಿನಲ್ಲೇ ಕೇಳಿಕೊಳ್ಳಿ.

ಕಚೇರಿ ಕದಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ಇಂಥ ತಾರೀಕಿನ ಅರ್ಜಿಯ ಮೇಲೆ ಏನು ಕ್ರಮವಾಗಿದೆ? 10 ರೂಪಾಯಿ ಖರ್ಚು, 30 ದಿನದಲ್ಲಿ ಉತ್ತರ ಬರಬೇಕು. ಅದಕ್ಕೂ ಜಗ್ಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗ, ಹೈಕೋರ್ಟು. ರಾಜ್ಯದ ಬೇರೆ ಬೇರೆ ಕಡೆ ಜೀವಿಕ ಸಂಘಟನೆಯವರು ಇದೇ ಕೆಲಸ ಮಾಡುತ್ತಾರೆ, ಅವರನ್ನೂ ವಿಚಾರಿಸಿ.

ಕೊನೆಯದಾಗಿ ಕೋರ್ಟಿನ ಕರೆ. ದೊಡ್ಡ ಮೊತ್ತ ಮಾಲೀಕನಿಗೆ ಶಿಕ್ಷೆಯಾಗುವುದಕ್ಕೆ ತಗುಲಿಕೊಂಡಿದೆ. ವಿಚಾರಣೆಯಲ್ಲಿ ಜೀತ ನಿಜ ಎಂದು ಎಸಿಯೋ ಜಿಲ್ಲಾಧಿಕಾರಿಯೋ ಬರೆದಿದ್ದರೆ ಶಿಕ್ಷೆಯಾಗಿಲ್ಲ ಎಂಬ ಒಂದೇ ನೆಪಕ್ಕೆ ತಡೆಯಬಾರದು ಎಂದೂ ಯೋಜನೆಯಲ್ಲಿದೆ, ಅದನ್ನು ವಕೀಲರಿಂದ ಹೇಳಿಸಿ. ಆದರೂ ಸಮನ್ಸ್ ಬಂದಾಗ ಹೋಗಿ ಸಾಕ್ಷಿ ಹೇಳಲೇಬೇಕು. ಅಷ್ಟರಲ್ಲಿ ಇವರು ಇನ್ನೊಂದು ಊರಿಗೆ ಕೂಲಿಗೆ ಹೋಗಿರುತ್ತಾರೆ, ಸಿಮ್ಮು ಬದಲಾಗಿರುತ್ತದೆ, ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬರುತ್ತದೆ. ಫೋನ್ ನಂಬರು ಬದಲಾದ ದಿನವೇ ಠಾಣೆಗೆ, ಎಸಿ ಕಚೇರಿಗೆ, ವಕೀಲರಿಗೆ ಹೊಸ ನಂಬರು ಬರೆದುಕೊಡಿ. ಜೊತೆಗೆ ಊರಿನಲ್ಲೇ ಇರುವ ಒಬ್ಬರ ನಂಬರನ್ನೂ ಕೊಟ್ಟಿರಿ.